ಹಳೆಯ ಮ್ಯಾನುಯಲ್ ವೈಡ್ ಲೆನ್ಸ್ ಹೊಸ ಕ್ಯಾಮೆರಾದಲ್ಲಿ: ಮಸುಕಿಲ್ಲದ ಫೋಟೋಗೆ ಹಂತ ಹಂತದ ಮಾರ್ಗದರ್ಶಿ

ಒಂದೇ ದೂರು ಮತ್ತೆ ಮತ್ತೆ ಬರುತ್ತಿದೆ. ಹಳೆಯ 50 ಮಿ.ಮೀ. ಲೆನ್ಸನ್ನು ಅಡಾಪ್ಟರ್ (ಬೇರೆ ಮೌಂಟ್‌ನ, ಅಂದರೆ ಬೇರೆ ಜೋಡಣೆಯ ಲೆನ್ಸನ್ನು ಕ್ಯಾಮೆರಾಗೆ ಕೂರಿಸುವ ರಿಂಗ್) ಮೂಲಕ ಹಾಕಿದರೆ ಫೋಟೋ ಚೆನ್ನಾಗಿಯೇ ಬರುತ್ತದೆ. ಅದೇ ಕ್ಯಾಮೆರಾಗೆ 24 ಅಥವಾ 28 ಮಿ.ಮೀ. ವೈಡ್ (ಅಗಲ ನೋಟದ) ಲೆನ್ಸ್ ಹಾಕಿದರೆ ದೂರದ ಬೆಟ್ಟ ಮಸುಕು. ಕೆಲವರಿಗೆ ಒಂದು ಬದಿ ಮಾತ್ರ ಮಸುಕು. ಕೊನೆಗೆ ಲೆನ್ಸೇ ಸರಿಯಿಲ್ಲ ಎಂದು ಅದನ್ನು ಮಾರಿಬಿಡುತ್ತಾರೆ.

ಬಹಳಷ್ಟು ಸಲ ತಪ್ಪು ಲೆನ್ಸ್‌ನದ್ದಲ್ಲ. ಅಡಾಪ್ಟರ್‌ನ ದಪ್ಪದ ತಪ್ಪು, ಇಲ್ಲವೇ ಫೋಕಸ್ ಮಾಡುವ ರೀತಿಯದ್ದು. ಇವೆರಡನ್ನೂ ಪರೀಕ್ಷಿಸುವ ಮೊದಲು ಲೆನ್ಸ್ ಬಗ್ಗೆ ತೀರ್ಮಾನಕ್ಕೆ ಬರಬೇಡಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅಡಾಪ್ಟರ್ ನೋಡದೆ ನೇರವಾಗಿ ಫೋಕಸ್ ಅಭ್ಯಾಸಕ್ಕೆ ಇಳಿದರೆ ಎಷ್ಟು ಫೋಟೋ ತೆಗೆದರೂ ಕಾರಣ ಸಿಗುವುದಿಲ್ಲ.

## ಮೊದಲೇ ತೆಗೆದಿಟ್ಟುಕೊಳ್ಳಬೇಕಾದವು

ಟ್ರೈಪಾಡ್, ಸಣ್ಣ ಟಾರ್ಚ್, ಗಾಳಿ ಊದುವ ರಬ್ಬರ್ ಬ್ಲೋವರ್, ಮೈಕ್ರೋಫೈಬರ್ ಬಟ್ಟೆ ಬೇಕು. ವರ್ನಿಯರ್ ಕ್ಯಾಲಿಪರ್ ಇದ್ದರೆ ಬಹಳ ಅನುಕೂಲ. ಅಡಾಪ್ಟರ್ ಬಿಚ್ಚಬೇಕಾಗಿ ಬಂದರೆ ಸರಿಯಾದ ಅಳತೆಯ ಸಣ್ಣ ಸ್ಕ್ರೂಡ್ರೈವರ್ ಇರಲಿ. ಅಳತೆ ತಪ್ಪಿದರೆ ಸ್ಕ್ರೂ ತಲೆ ಸವೆದುಹೋಗುತ್ತದೆ.

## ಹಂತ 1: ಲೆನ್ಸ್ ಆರೋಗ್ಯ ನೋಡಿ

ಅಪರ್ಚರ್ (ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಕೂದಲಿನಂತೆ ಕವಲೊಡೆದ ಎಳೆಗಳು ಕಂಡರೆ ಅದು ಫಂಗಸ್. ಗಾಜಿನ ಮೇಲೆ ಹಾಲಿನಂಥ ತೆಳು ಪೊರೆ ಕಂಡರೆ ಮಬ್ಬು. ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆ ಬೇಡ, ಅವು ಫೋಟೋದಲ್ಲಿ ಕಾಣುವುದಿಲ್ಲ. ಮಬ್ಬು ಮಾತ್ರ ಸುಮ್ನೆ ಬಿಡುವಂಥದ್ದಲ್ಲ. ವೈಡ್ ಲೆನ್ಸ್‌ನಲ್ಲಿ ಆಕಾಶ, ಬೀದಿ ದೀಪ, ಕಿಟಕಿ ಪದೇ ಪದೇ ಫ್ರೇಮ್ ಒಳಗೆ ಬರುತ್ತವೆ. ಮಬ್ಬಿದ್ದರೆ ಇಡೀ ಫೋಟೋ ತೊಳೆದಂತೆ ಬೆಳ್ಳಗಾಗುತ್ತದೆ.

ಗೀರುಗಳ ವಿಷಯದಲ್ಲಿ ಹಿಂದಿನ ಗಾಜು ಮುಖ್ಯ. ಮುಂದಿನ ಗಾಜಿನ ಸಣ್ಣ ಗೀರು ಬಹುತೇಕ ಕಾಣುವುದಿಲ್ಲ. ಹಿಂದಿನದು ಸೆನ್ಸರ್‌ಗೆ ಹತ್ತಿರ ಇರುವುದರಿಂದ ಅಲ್ಲಿನ ಗೀರು ಬೇಗ ತೊಂದರೆ ಕೊಡುತ್ತದೆ.

ಅಪರ್ಚರ್ ರಿಂಗ್ ತಿರುಗಿಸಿ, ಬ್ಲೇಡ್‌ಗಳು ಮುಚ್ಚುತ್ತಾ ತೆರೆಯುತ್ತಾ ಹೋಗುತ್ತವೆಯೇ ನೋಡಿ. ಮೌಂಟ್ ಕಡೆ ಇರುವ ಪಿನ್ ಅಥವಾ ಲಿವರ್‌ನಿಂದಾಗಿ ಕೆಲವು ಲೆನ್ಸ್‌ಗಳ ಬ್ಲೇಡ್‌ಗಳು ತೆರೆದೇ ಇರುತ್ತವೆ. ಅದನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ಬ್ಲೇಡ್ ಮೇಲೆ ಎಣ್ಣೆ ಹೊಳೆಯುತ್ತಿದ್ದು ಅವು ನಿಧಾನವಾಗಿ ಜಾರಿದರೆ ರಿಪೇರಿ ಮಾಡುವವರಿಗೆ ಕೊಡುವುದು ಒಳ್ಳೆಯದು. ಫೋಕಸ್ ರಿಂಗ್ ಬಿಗಿಯಾಗಿದ್ದರೆ ಬಲ ಹಾಕಿ ತಿರುಗಿಸಬೇಡಿ. ಒಳಗಿನ ಗ್ರೀಸ್ ಒಣಗಿರುತ್ತದೆ. ಲೆನ್ಸ್ ಮೇಲೆ ಎಣ್ಣೆ ಹನಿ ಬಿಡುವ ಯೋಚನೆಯಂತೂ ಬೇಡವೇ ಬೇಡ. ಅದು ನೇರವಾಗಿ ಬ್ಲೇಡ್‌ಗೂ ಗಾಜಿಗೂ ಹರಡುತ್ತದೆ.

## ಹಂತ 2: ನಿಮ್ಮ ಕ್ಯಾಮೆರಾಗೆ ಅದು ಕೂರುತ್ತದೆಯೇ?

ಪ್ರತಿ ಮೌಂಟ್‌ಗೂ ಒಂದು ಫ್ಲ್ಯಾಂಜ್ ದೂರ ಇರುತ್ತದೆ. ಅಂದರೆ ಲೆನ್ಸ್ ಕೂರುವ ಲೋಹದ ರಿಂಗ್‌ನಿಂದ ಸೆನ್ಸರ್‌ಗೆ ಇರುವ ದೂರ. ಲೆನ್ಸ್‌ನ ದೂರ ಕ್ಯಾಮೆರಾದ ದೂರಕ್ಕಿಂತ ಜಾಸ್ತಿ ಇದ್ದರೆ ಆ ಮಿಕ್ಕ ಜಾಗದಲ್ಲಿ ಅಡಾಪ್ಟರ್ ಕೂರುತ್ತದೆ. ಕಡಿಮೆ ಇದ್ದರೆ ದೂರದ ವಸ್ತುವಿಗೆ ಫೋಕಸ್ ಸಿಗುವುದೇ ಇಲ್ಲ.

ಹಳೆಯ ಎಸ್ಎಲ್ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಮೌಂಟ್‌ಗಳಲ್ಲಿ ನಿಕಾನ್ ಎಫ್ 46.5, ಒಲಿಂಪಸ್ ಓಎಂ 46, ಎಂ42 ಮತ್ತು ಪೆಂಟಾಕ್ಸ್ ಕೆ 45.46, ಮಿನೋಲ್ಟಾ ಎಂಡಿ 43.5, ಕ್ಯಾನನ್ ಎಫ್‌ಡಿ 42 ಮಿ.ಮೀ. ಹೊಸ ಮಿರರ್‌ಲೆಸ್‌ಗಳಲ್ಲಿ (ಕನ್ನಡಿ ಇಲ್ಲದ ಕ್ಯಾಮೆರಾಗಳಲ್ಲಿ) ಸೋನಿ ಇ 18, ನಿಕಾನ್ ಝಡ್ 16, ಕ್ಯಾನನ್ ಆರ್‌ಎಫ್ ಮತ್ತು ಎಲ್-ಮೌಂಟ್ 20, ಫ್ಯೂಜಿ ಎಕ್ಸ್ 17.7 ಮಿ.ಮೀ. ಹಾಗಾಗಿ ಮಿರರ್‌ಲೆಸ್ ಇದ್ದವರಿಗೆ ಈ ಎಲ್ಲ ಲೆನ್ಸ್‌ಗಳೂ ಗಾಜಿಲ್ಲದ ಸಾದಾ ಅಡಾಪ್ಟರ್‌ನಲ್ಲೇ ನಡೆಯುತ್ತವೆ.

ಡಿಎಸ್ಎಲ್ಆರ್ (ಡಿಜಿಟಲ್ ಎಸ್ಎಲ್ಆರ್) ಇದ್ದವರಿಗೆ ಆಯ್ಕೆ ಕಡಿಮೆ. ಕ್ಯಾನನ್ ಇಎಫ್ ದೂರ 44 ಮಿ.ಮೀ. ಅದಕ್ಕೆ ನಿಕಾನ್, ಓಎಂ, ಎಂ42 ಲೆನ್ಸ್‌ಗಳು ಸರಿಹೋಗುತ್ತವೆ. ಕ್ಯಾನನ್ ಕಂಪನಿಯದ್ದೇ ಹಳೆಯ ಎಫ್‌ಡಿ ಸರಿಹೋಗುವುದಿಲ್ಲ. ನಿಕಾನ್ ಡಿಎಸ್ಎಲ್ಆರ್‌ಗೆ ಬೇರೆ ಮೌಂಟ್ ಲೆನ್ಸ್ ಹಾಕುವ ಅಡಾಪ್ಟರ್‌ಗಳಲ್ಲಿ ಹೆಚ್ಚಾಗಿ ಒಂದು ಗಾಜು ಇರುತ್ತದೆ. ವೈಡ್ ಲೆನ್ಸ್ ಹಿಂದೆ ಅಂಥ ಗಾಜು ಸೇರಿದರೆ ಅಂಚುಗಳು ಹಾಳಾಗುತ್ತವೆ. ನನ್ನನ್ನು ಕೇಳಿದರೆ ಆ ದಾರಿ ಬೇಡ.

ನಿಲ್ಲಿಸಬೇಕಾದ ಸೂಚನೆಗಳು ಇಲ್ಲಿ ಮೂರಿವೆ.

ಎಐ (ಅಪರ್ಚರ್ ಸಂಖ್ಯೆಯನ್ನು ಬಾಡಿಗೆ ತಿಳಿಸುವ ನಿಕಾನ್ ಜೋಡಣೆ) ಅಲ್ಲದ ತುಂಬಾ ಹಳೆಯ ನಿಕಾನ್ ಲೆನ್ಸನ್ನು ನಿಕಾನ್ ಡಿಎಸ್ಎಲ್ಆರ್‌ಗೆ ನೇರವಾಗಿ ಹಾಕಬೇಡಿ. ಹಲವು ಮಾದರಿಗಳಲ್ಲಿ ಮೌಂಟ್ ಪಕ್ಕದ ಸಣ್ಣ ಲಿವರ್ ಮುರಿಯುತ್ತದೆ.

ಫುಲ್ ಫ್ರೇಮ್ (ಫಿಲ್ಮ್‌ನಷ್ಟೇ ದೊಡ್ಡ ಸೆನ್ಸರ್‌ನ) ಡಿಎಸ್ಎಲ್ಆರ್‌ನಲ್ಲಿ ಕೆಲವು ವೈಡ್ ಲೆನ್ಸ್‌ಗಳ ಹಿಂಭಾಗಕ್ಕೆ ಕನ್ನಡಿ ತಗುಲುತ್ತದೆ. ಫೋಕಸ್ ಇನ್ಫಿನಿಟಿಗೆ (ಅತಿ ದೂರಕ್ಕೆ) ಹೋದಾಗ ಲೆನ್ಸ್ ಒಳಕ್ಕೆ ಸರಿಯುವುದರಿಂದ ಈ ಅಪಾಯ ಅಲ್ಲೇ ಹೆಚ್ಚು.

ರೇಂಜ್‌ಫೈಂಡರ್ (ಬೇರೆ ಕಿಟಕಿಯಿಂದ ನೋಡುವ, ಕನ್ನಡಿ ಇಲ್ಲದ) ಕ್ಯಾಮೆರಾಗಳಿಗಾಗಿ ಮಾಡಿದ ವೈಡ್ ಲೆನ್ಸ್‌ಗಳ ಹಿಂದಿನ ಗಾಜು ತುಂಬಾ ಒಳಕ್ಕೆ ಚಾಚಿರುತ್ತದೆ. ಜುಪಿಟರ್-12 ಇದಕ್ಕೆ ಒಳ್ಳೆಯ ಉದಾಹರಣೆ. ಹಾಕುವ ಮೊದಲು ಹಿಂಭಾಗ ಎಷ್ಟು ಚಾಚಿದೆ ಎಂದು ಅಳೆಯಲೇಬೇಕು. ಈ ಜಾತಿಯ ಲೆನ್ಸ್‌ಗಳಿಗೆ ಇನ್ನೊಂದು ತೊಂದರೆಯಿದೆ. ಬೆಳಕು ಸೆನ್ಸರ್ ಅಂಚಿಗೆ ತೀರಾ ಓರೆಯಾಗಿ ಬೀಳುತ್ತದೆ. ಸೆನ್ಸರ್ ಮುಂದಿನ ಗಾಜಿನ ಪದರದಲ್ಲಿ ಅದು ಹರಡಿ ಅಂಚು ಕಲಸಿದಂತಾಗುತ್ತದೆ, ಬದಿಗಳಿಗೆ ನೇರಳೆ ಬಣ್ಣ ಬರುತ್ತದೆ. ಮೊದಲ ವೈಡ್ ಲೆನ್ಸ್ ಕೊಳ್ಳುವವರು ಎಸ್ಎಲ್ಆರ್‌ಗಾಗಿ ಮಾಡಿದ್ದನ್ನೇ ಆರಿಸಿಕೊಳ್ಳಿ.

ನೋಟದ ಅಗಲದ ಲೆಕ್ಕವನ್ನೂ ಈಗಲೇ ಮಾಡಿಕೊಳ್ಳಿ. ಫುಲ್ ಫ್ರೇಮ್‌ನಲ್ಲಿ 28 ಅಂದರೆ 28. ಎಪಿಎಸ್-ಸಿಯಲ್ಲಿ (ಅದಕ್ಕಿಂತ ಚಿಕ್ಕ ಸೆನ್ಸರ್) ಸುಮಾರು 1.5ರಿಂದ ಗುಣಿಸಿ, ಅದು ಸುಮಾರು 42 ಮಿ.ಮೀ. ನೋಟ ಕೊಡುತ್ತದೆ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ (ಇನ್ನೂ ಚಿಕ್ಕ ಸೆನ್ಸರ್) 56. ಅಂದರೆ ಅಲ್ಲಿ ಅದು ವೈಡ್ ಅಲ್ಲವೇ ಅಲ್ಲ. ಎಪಿಎಸ್-ಸಿಯಲ್ಲಿ ನಿಜವಾಗಿ ಅಗಲ ಬೇಕಿದ್ದರೆ 20 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆಯದು ಬೇಕು.

## ಹಂತ 3: ಅಡಾಪ್ಟರ್ ಅಳೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಅಡಾಪ್ಟರ್ ದಪ್ಪ ಎಷ್ಟಿರಬೇಕು ಎಂಬುದು ಸರಳ ಕಳೆಯುವ ಲೆಕ್ಕ. ನಿಕಾನ್ ಎಫ್‌ನಿಂದ ಸೋನಿ ಇಗೆ 46.5 ರಲ್ಲಿ 18 ಕಳೆದರೆ 28.5 ಮಿ.ಮೀ. ಓಎಂನಿಂದ ಸೋನಿ ಇಗೆ 28. ಎಫ್‌ಡಿಯಿಂದ ಸೋನಿ ಇಗೆ 24. ನಿಕಾನ್ ಎಫ್‌ನಿಂದ ಝಡ್‌ಗೆ 30.5. ಕ್ಯಾಲಿಪರ್‌ನಲ್ಲಿ ಎರಡೂ ಲೋಹದ ಮುಖಗಳ ನಡುವೆ ನಾಲ್ಕು ಕಡೆ ಅಳೆಯಿರಿ. ಹೊರಗೆ ಚಾಚಿದ ಅಂಚು, ಬಾಯೊನೆಟ್ ಕಿವಿಗಳನ್ನು (ತಿರುಗಿಸಿ ಸಿಕ್ಕಿಸುವ ಚಾಚುಗಳನ್ನು) ಸೇರಿಸಬೇಡಿ.

ಅಗ್ಗದ ಅಡಾಪ್ಟರ್‌ಗಳನ್ನು ಬೇಕೆಂದೇ ಸ್ವಲ್ಪ ತೆಳ್ಳಗೆ ಮಾಡಿರುತ್ತಾರೆ. ದಪ್ಪವಾದರೆ ಇನ್ಫಿನಿಟಿ ಸಿಗುವುದೇ ಇಲ್ಲ, ತೆಳುವಾದರೆ ಹೇಗೋ ಸಿಗುತ್ತದೆ ಎಂಬ ಲೆಕ್ಕ ಅವರದು. ಈಗ 0.1 ಮಿ.ಮೀ. ತೆಳು ಇದೆ ಎಂದಿಟ್ಟುಕೊಳ್ಳಿ. 50 ಮಿ.ಮೀ. ಲೆನ್ಸ್‌ನಲ್ಲಿ ನಿಜವಾದ ಇನ್ಫಿನಿಟಿ ರಿಂಗ್‌ನ ಸುಮಾರು 25 ಮೀಟರ್ ಗುರುತಿಗೆ ಬರುತ್ತದೆ. ಅದು ಇನ್ಫಿನಿಟಿ ಗುರುತಿನ ಪಕ್ಕದಲ್ಲೇ ಇರುವುದರಿಂದ ನಿಮ್ಮ ಗಮನಕ್ಕೇ ಬರುವುದಿಲ್ಲ. 24 ಮಿ.ಮೀ. ಲೆನ್ಸ್‌ನಲ್ಲಿ ಅದೇ ತಪ್ಪು ಇನ್ಫಿನಿಟಿಯನ್ನು 5.8 ಮೀಟರ್ ಗುರುತಿಗೆ ಎಳೆದು ತರುತ್ತದೆ! ರಿಂಗನ್ನು ಕೊನೆಯವರೆಗೆ ತಿರುಗಿಸಿ ಬೆಟ್ಟದ ಫೋಟೋ ತೆಗೆದರೆ ಫೋಕಸ್ ಬೆಟ್ಟವನ್ನೂ ದಾಟಿಹೋಗಿರುತ್ತದೆ. ಲೆನ್ಸ್ ಮೇಲಿನ ದೂರದ ಸ್ಕೇಲ್ ನೋಡಿ ದೂರ ಇಟ್ಟರೂ ಎಲ್ಲವೂ ತಪ್ಪು. 50 ಚೆನ್ನಾಗಿ ಬಂದು 24 ಮಸುಕಾಗುವುದು ಇದರಿಂದಲೇ.

ಹತ್ತಿರದ ಫೋಕಸ್ ಚೆನ್ನಾಗಿರಲೆಂದು ಕೆಲವು ವೈಡ್ ಲೆನ್ಸ್‌ಗಳಲ್ಲಿ ಒಳಗಿನ ಗಾಜಿನ ಗುಂಪೊಂದು ಬೇರೆಯಾಗಿ ಸರಿಯುತ್ತದೆ. ನಿಕಾನ್‌ನವರು ಇದಕ್ಕೆ ಸಿಆರ್‌ಸಿ ಎನ್ನುತ್ತಾರೆ, 24 ಮಿ.ಮೀ. ಎಫ್/2.8 ನಿಕ್ಕೋರ್‌ನಲ್ಲಿ ಇದು ಇದೆ. ಇಂಥ ಲೆನ್ಸ್‌ಗೆ ತೆಳು ಅಡಾಪ್ಟರ್ ಹಾಕಿದರೆ ನೀವು ಬೆಟ್ಟಕ್ಕೆ ಫೋಕಸ್ ಮಾಡಿದಾಗ ಗಾಜುಗಳು ಐದಾರು ಮೀಟರ್‌ನ ಜಾಗದಲ್ಲಿ ನಿಂತಿರುತ್ತವೆ. ಮಧ್ಯಭಾಗ ಸರಿಬಂದರೂ ಅಂಚು ಸರಿಬರುವುದಿಲ್ಲ. ಅಡಾಪ್ಟರ್ ಸರಿಮಾಡದೆ ಬೇರೆ ದಾರಿಯಿಲ್ಲ.

## ಹಂತ 4: ಹಾಕುವ ಕ್ರಮ

ಕ್ಯಾಮೆರಾ ಆಫ್ ಮಾಡಿ. ಮೊದಲು ಲೆನ್ಸನ್ನು ಅಡಾಪ್ಟರ್‌ಗೆ ಹಾಕಿ, ಆಮೇಲೆ ಎರಡನ್ನೂ ಒಟ್ಟಿಗೆ ಕ್ಯಾಮೆರಾಗೆ ಹಾಕಿ. ಹೀಗೆ ಮಾಡಿದರೆ ಏನಾದರೂ ಹಿಂದಕ್ಕೆ ಚಾಚಿದೆಯೇ ಎಂದು ಮೊದಲೇ ಕಾಣುತ್ತದೆ. ಕ್ಯಾಮೆರಾದ ಬಾಯಿ ಕೆಳಕ್ಕಿರಲಿ, ಧೂಳು ಒಳಗೆ ಬೀಳುವುದಿಲ್ಲ.

ಅಪರ್ಚರ್ ನಿಜವಾಗಿ ಮುಚ್ಚುತ್ತಿದೆಯೇ ನೋಡಿ. ಎಂ42 ಲೆನ್ಸ್‌ನಲ್ಲಿ ಆಟೋ-ಮ್ಯಾನುಯಲ್ ಸ್ವಿಚ್ ಇದ್ದರೆ ಮ್ಯಾನುಯಲ್‌ಗೆ ತಳ್ಳಿ. ಸ್ವಿಚ್ ಇಲ್ಲದಿದ್ದರೆ ಹಿಂದಿನ ಪಿನ್ ಒತ್ತಿ ಹಿಡಿಯುವ ಅಡಾಪ್ಟರ್ ಬೇಕು. ಎಫ್‌ಡಿ ಅಡಾಪ್ಟರ್‌ನಲ್ಲಿ ತೆರೆಯುವ-ಮುಚ್ಚುವ ರಿಂಗ್ ಒಂದಿರುತ್ತದೆ. ಅದು ತೆರೆದ ಕಡೆ ಇದ್ದರೆ ಲೆನ್ಸ್ ಮೇಲೆ ಎಫ್/11 (ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಚಿಕ್ಕದು) ಎಂದಿಟ್ಟರೂ ಬ್ಲೇಡ್ ಅಲುಗುವುದಿಲ್ಲ. ಮುಂದಿನಿಂದ ಇಣುಕಿ ರಿಂಗ್ ತಿರುಗಿಸಿದರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ.

ಕೂರಿಸಿದ ಮೇಲೆ ಲೆನ್ಸ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಫೋಕಸ್ ರಿಂಗ್ ತಿರುಗಿಸುವಾಗ ಸ್ವಲ್ಪ ತಿರುಗಾಟ ಇದ್ದರೆ ನಡೆಯುತ್ತದೆ. ಮೇಲೆ-ಕೆಳಗೆ ಓಲಾಡಿದರೆ ಆ ಅಡಾಪ್ಟರ್ ವೈಡ್ ಲೆನ್ಸ್‌ಗೆ ಲಾಯಕ್ಕಲ್ಲ.

## ಹಂತ 5: ಕ್ಯಾಮೆರಾ ಸೆಟ್ಟಿಂಗ್

ಲೆನ್ಸ್ ಇಲ್ಲದೆ ಶಟರ್ ಬಿಡುವ ಆಯ್ಕೆಯನ್ನು ಮೆನುವಿನಲ್ಲಿ ಆನ್ ಮಾಡಿ. ಇದಿಲ್ಲದೆ ಹಲವು ಕ್ಯಾಮೆರಾಗಳು ಕ್ಲಿಕ್ ಆಗುವುದೇ ಇಲ್ಲ.

ಬಾಡಿಯಲ್ಲೇ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸಲು ಸೆನ್ಸರ್ ಅಲುಗಿಸುವ ವ್ಯವಸ್ಥೆ) ಇದ್ದರೆ ಫೋಕಲ್ ಲೆಂಗ್ತ್ ಕೈಯಾರೆ ಹಾಕಬೇಕು. ಲೆನ್ಸ್ ಮೇಲೆ ಬರೆದಿರುವ ಸಂಖ್ಯೆಯನ್ನೇ ಹಾಕಿ. ಎಪಿಎಸ್-ಸಿ ಕ್ಯಾಮೆರಾ ಎಂದು 28ರ ಬದಲು 42 ಹಾಕುವುದು ತುಂಬಾ ಸಾಮಾನ್ಯ ತಪ್ಪು. ಆಗ ಸೆನ್ಸರ್ ಬೇಕಾದ್ದಕ್ಕಿಂತ ಜಾಸ್ತಿ ಅಲುಗಿ ತಾನೇ ಮಸುಕು ತರುತ್ತದೆ. ಹಿಂದಿನ ದಿನ ಬೇರೆ ಲೆನ್ಸ್‌ಗೆ ಹಾಕಿದ್ದ 135 ಹಾಗೇ ಉಳಿದಿದ್ದರಂತೂ ಕೇಳುವುದೇ ಬೇಡ.

ಎಕ್ಸ್‌ಪೋಶರ್‌ಗೆ ಅಪರ್ಚರ್ ಪ್ರಯಾರಿಟಿ ಸಾಕು. ಬೆಳಕು ಲೆನ್ಸ್ ಮೂಲಕವೇ ಬರುವುದರಿಂದ ಕ್ಯಾಮೆರಾ ಶಟರ್ ವೇಗವನ್ನು ತಾನೇ ಲೆಕ್ಕ ಹಾಕುತ್ತದೆ. ಆಟೋ ಐಎಸ್ಓ (ಸೆನ್ಸರ್ ಸಂವೇದನೆಯನ್ನು ಕ್ಯಾಮೆರಾವೇ ಬದಲಿಸುವುದು) ಬಳಸುವವರು ಕನಿಷ್ಠ ಶಟರ್ ವೇಗವನ್ನು 1/60 ಅಥವಾ 1/80ಕ್ಕೆ ಇಡಿ. ಲೆನ್ಸ್ ಯಾವುದೆಂದು ಕ್ಯಾಮೆರಾಗೆ ಗೊತ್ತಿಲ್ಲದಿರುವಾಗ ಅದರ ಆಟೋ ಆಯ್ಕೆಯನ್ನು ನಂಬುವಂತಿಲ್ಲ.

## ಹಂತ 6: ನಿಜವಾದ ಇನ್ಫಿನಿಟಿ ಹುಡುಕಿ

ಟ್ರೈಪಾಡ್ ಮೇಲಿಡಿ. ಸ್ಟೆಬಿಲೈಸೇಶನ್ ಆಫ್ ಮಾಡಿ. ಅಪರ್ಚರ್ ಪೂರ್ತಿ ತೆರೆಯಿರಿ. ಕನಿಷ್ಠ ಅರ್ಧ ಕಿಲೋಮೀಟರ್ ದೂರದ, ಗೆರೆಗಳು ಚೆನ್ನಾಗಿ ಕಾಣುವ ವಸ್ತು ಆರಿಸಿ. ಮೊಬೈಲ್ ಟವರ್, ಕಟ್ಟಡದ ಅಂಚು ಆಗಬಹುದು. ಬೆಳಗಿನ ಹೊತ್ತು ಒಳ್ಳೆಯದು. ಮಧ್ಯಾಹ್ನ ಬಿಸಿಗಾಳಿ ಅಲುಗಿ, ಫೋಕಸ್ ಸರಿಯಿದ್ದರೂ ಮಸುಕಾಗಿಯೇ ಕಾಣುತ್ತದೆ.

ಆ ವಸ್ತುವನ್ನು ಫ್ರೇಮ್ ಮಧ್ಯಕ್ಕೆ ತಂದು, ಲೈವ್ ವ್ಯೂ (ಪರದೆಯಲ್ಲಿ ಕಾಣುವ) ಚಿತ್ರವನ್ನು ಪೂರ್ತಿ ಹಿಗ್ಗಿಸಿ. ರಿಂಗನ್ನು ಹತ್ತಿರದಿಂದ ದೂರಕ್ಕೆ ನಿಧಾನವಾಗಿ ತಿರುಗಿಸಿ, ಅತಿ ಸ್ಪಷ್ಟವಾದ ಜಾಗ ದಾಟಿ ಹೋಗಿ, ಮತ್ತೆ ಹಿಂದಕ್ಕೆ ಬನ್ನಿ. ಒಂದೇ ದಿಕ್ಕಿನಲ್ಲಿ ತಿರುಗಿಸಿ ನಿಲ್ಲಿಸಿದರೆ ಎಲ್ಲಿ ನಿಲ್ಲಬೇಕಿತ್ತು ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಅತಿ ಸ್ಪಷ್ಟವಾದ ಜಾಗ ಇನ್ಫಿನಿಟಿ ಗುರುತಿನ ಮೇಲೋ, ಕೂದಲೆಳೆ ಹಿಂದೆಯೋ ಇದ್ದರೆ ಅಡಾಪ್ಟರ್ ಚೆನ್ನಾಗಿದೆ. ರಿಂಗ್ ಕೊನೆ ಮುಟ್ಟಿದರೂ ಸ್ಪಷ್ಟವಾಗದಿದ್ದರೆ ಅದು ದಪ್ಪ, ವಾಪಸ್ ಕೊಡಿ. ಉಜ್ಜಿ ತೆಳು ಮಾಡಲು ಹೋದರೆ ಓರೆಯಾಗುವುದು ಖಚಿತ.

ಗುರುತಿಗಿಂತ ತುಂಬಾ ಮೊದಲೇ ಸ್ಪಷ್ಟವಾದರೆ ಅದು ತೆಳು. ಇದನ್ನು ಮನೆಯಲ್ಲೇ ಸರಿಮಾಡಬಹುದು. ಹಲವು ಅಡಾಪ್ಟರ್‌ಗಳಲ್ಲಿ ಮೌಂಟ್ ರಿಂಗ್ ಸ್ಕ್ರೂಗಳಿಂದ ಕೂತಿರುತ್ತದೆ. ಅದನ್ನು ಬಿಚ್ಚಿ, ಕೆಳಗೆ ಪ್ರತಿ ಸ್ಕ್ರೂ ಪಕ್ಕ ಒಂದೇ ಅಳತೆಯ ತೆಳು ಟೇಪ್ ಚೂರು ಇಟ್ಟು ಮತ್ತೆ ಬಿಗಿಗೊಳಿಸಿ. ಟೇಪ್ ದಪ್ಪ ತಿಳಿಯಲು ಹತ್ತು ಪದರ ಒಂದರ ಮೇಲೊಂದು ಅಂಟಿಸಿ ಅಳೆದು ಹತ್ತರಿಂದ ಭಾಗಿಸಿ. ಎಲ್ಲ ಕಡೆ ಪದರಗಳ ಸಂಖ್ಯೆ ಒಂದೇ ಇರಬೇಕು. ಲೆನ್ಸ್ ಮತ್ತು ಅಡಾಪ್ಟರ್ ನಡುವೆಯಾಗಲಿ, ಕ್ಯಾಮೆರಾ ಕಡೆಗಾಗಲಿ ಟೇಪ್ ಹಚ್ಚಬೇಡಿ. ಅಲ್ಲಿ ಅದು ಕಿತ್ತುಬಂದು ಒಳಗೆ ಬೀಳಬಹುದು.

ಬಿಚ್ಚಲು ಇಷ್ಟವಿಲ್ಲದವರು ರಿಂಗ್ ಮೇಲೆ ನಿಜವಾದ ಇನ್ಫಿನಿಟಿ ಇರುವಲ್ಲಿ ಒಂದು ಸಣ್ಣ ಟೇಪ್ ಗುರುತು ಹಾಕಿಕೊಳ್ಳಿ. ಕೆಲಸ ನಡೆಯುತ್ತದೆ. ಆದರೆ ಒಳಗಿನ ಗಾಜು ಬೇರೆಯಾಗಿ ಸರಿಯುವ ಲೆನ್ಸ್‌ಗೆ ಇದು ಸಾಲದು.

## ಹಂತ 7: ಓರೆ ಪರೀಕ್ಷೆ

ಅದೇ ಜಾಗದಿಂದ, ಎಡದಿಂದ ಬಲದವರೆಗೆ ದೂರದ ವಿವರಗಳೇ ತುಂಬಿರುವ ದೃಶ್ಯವನ್ನು ಎಫ್/4ರಲ್ಲಿ ತೆಗೆಯಿರಿ. ಎಡ ಮತ್ತು ಬಲ ಅಂಚುಗಳನ್ನು ಹಿಗ್ಗಿಸಿ ಹೋಲಿಸಿ. ಎರಡೂ ಸ್ವಲ್ಪ ಮೃದುವಾಗಿದ್ದರೆ ಅದು ಲೆನ್ಸ್‌ನ ಗುಣ, ಎಫ್/8ಕ್ಕೆ ಇಳಿಸಿದರೆ ಸುಧಾರಿಸುತ್ತದೆ. ಒಂದು ಬದಿ ಮಾತ್ರ ಮಸುಕಾದರೆ ಏನೋ ಓರೆಯಾಗಿದೆ ಎಂದರ್ಥ. ಅದೇ ಅಡಾಪ್ಟರ್‌ಗೆ ಇನ್ನೊಂದು ಲೆನ್ಸ್ ಹಾಕಿ ಮತ್ತೆ ತೆಗೆಯಿರಿ. ಅದೇ ಬದಿ ಮಸುಕಾದರೆ ಅಡಾಪ್ಟರ್ ಓರೆ. ಈ ಸಲ ಎರಡೂ ಬದಿ ಸಮವಾಗಿದ್ದರೆ ಮೊದಲ ಲೆನ್ಸ್ ಒಳಗೆ ಯಾವುದೋ ಗಾಜು ಜಾಗ ತಪ್ಪಿದೆ. ಲೆನ್ಸ್ ಸರಿಯಿಲ್ಲ ಎಂದು ಹೇಳುವ ಹಕ್ಕು ನಿಮಗೆ ಬರುವುದು ಈಗ!

## ಹಂತ 8: ಫೋಕಸ್ ಮಾಡುವ ರೀತಿ

ಪೀಕಿಂಗ್ (ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಸೌಲಭ್ಯ) ವೈಡ್ ಲೆನ್ಸ್‌ನಲ್ಲಿ ಮೋಸ ಮಾಡುತ್ತದೆ. ಸಣ್ಣ ಸಣ್ಣ ವಿವರಗಳು, ಜಾಸ್ತಿ ಕಾಂಟ್ರಾಸ್ಟ್, ಇಡೀ ಪರದೆ ಬಣ್ಣದ ಗೆರೆಗಳಿಂದ ತುಂಬುತ್ತದೆ. ಎಲ್ಲವೂ ಫೋಕಸ್‌ನಲ್ಲಿದೆ ಎನಿಸುತ್ತದೆ, ಅಲ್ವಾ? ನಿಜಕ್ಕೂ ಕ್ಯಾಮೆರಾ ಹೇಳುತ್ತಿರುವುದು ಅಲ್ಲಿ ಗಟ್ಟಿ ಗೆರೆಗಳಿವೆ ಎಂದಷ್ಟೇ. ಪೀಕಿಂಗನ್ನು ಕಡಿಮೆ ಮಟ್ಟಕ್ಕಿಟ್ಟು ಅಂದಾಜಿಗೆ ಮಾತ್ರ ಬಳಸಿ. ಅಂತಿಮ ತೀರ್ಮಾನ ಹಿಗ್ಗಿಸಿ ನೋಡಿಯೇ ಆಗಲಿ.

ನಿಂತ ವಸ್ತುಗಳಿಗೆ ಕ್ರಮ ಹೀಗೆ. ಅಪರ್ಚರನ್ನು ಎಫ್/2.8 ಅಥವಾ ಎಫ್/4ಕ್ಕೆ ತೆರೆಯಿರಿ. ಹಿಗ್ಗಿಸಿ ಫೋಕಸ್ ಮಾಡಿ. ರಿಂಗ್ ಅಲುಗದಂತೆ ಎಫ್/8ಕ್ಕೆ ತನ್ನಿ, ಕ್ಲಿಕ್ ಮಾಡಿ. ಎಫ್/8ರಲ್ಲೇ ಫೋಕಸ್ ಮಾಡಲು ಹೋದರೆ ರಿಂಗ್ ಬಹಳ ದೂರ ತಿರುಗಿದರೂ ವ್ಯತ್ಯಾಸ ಕಾಣುವುದಿಲ್ಲ. ಎಫ್/2ರಂಥ ದೊಡ್ಡ ಅಪರ್ಚರ್ ಲೆನ್ಸ್‌ಗಳಲ್ಲಿ ಮುಚ್ಚಿದಾಗ ಫೋಕಸ್ ಸ್ವಲ್ಪ ಜರುಗಬಹುದು. ಅವುಗಳಲ್ಲಿ ಎಫ್/4ಕ್ಕೆ ಮುಚ್ಚಿಯೇ ಫೋಕಸ್ ಮಾಡಿ.

ಎಲ್ಲಿಗೆ ಫೋಕಸ್ ಮಾಡಬೇಕು ಎಂಬುದೂ ಮುಖ್ಯ. ಹಳೆಯ ವೈಡ್ ಲೆನ್ಸ್‌ಗಳ ಫೋಕಸ್ ತಲ ಸಪಾಟಾಗಿರದೆ ಬಾಗಿರುವುದು ಸಾಮಾನ್ಯ. ಮಧ್ಯಕ್ಕೆ ಸರಿಮಾಡಿದರೆ ಅಂಚು ಹತ್ತಿರಕ್ಕೋ ದೂರಕ್ಕೋ ಜಾರುತ್ತದೆ. ದೂರದ ದೃಶ್ಯಗಳಲ್ಲಿ ಮಧ್ಯದಿಂದ ಅಂಚಿನತ್ತ ಅರ್ಧ ದಾರಿಯಲ್ಲಿರುವ ವಸ್ತುವಿಗೆ ಫೋಕಸ್ ಮಾಡಿ ನೋಡಿ. ಎಫ್/8ರಲ್ಲಿ ಮಧ್ಯಭಾಗ ಏನೂ ಕಳೆದುಕೊಳ್ಳುವುದಿಲ್ಲ, ಅಂಚಿಗೆ ಲಾಭವಾಗುತ್ತದೆ.

ಬೀದಿಯಲ್ಲಿ ಓಡಾಡುತ್ತಾ ತೆಗೆಯುವವರಿಗೆ ದೂರದ ಸ್ಕೇಲೇ ಆಸರೆ. ಆದರೆ ಲೆನ್ಸ್ ಮೇಲಿನ ಡೆಪ್ತ್ ಗುರುತುಗಳನ್ನು (ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟ ಎಂದು ತೋರಿಸುವವು) ಫಿಲ್ಮ್ ಕಾಲದ ಸಾಧಾರಣ ಪ್ರಿಂಟ್ ನೋಡುವವರಿಗಾಗಿ ಕೆತ್ತಿದ್ದಾರೆ. 24 ಮಿ.ಮೀ. ಎಫ್/8ಕ್ಕೆ ಆ ಲೆಕ್ಕದಲ್ಲಿ ಹೈಪರ್‌ಫೋಕಲ್ ದೂರ (ಅಲ್ಲಿಗೆ ಫೋಕಸ್ ಇಟ್ಟರೆ ಅತಿ ದೂರದವರೆಗೂ ಸ್ಪಷ್ಟವೆನಿಸುವ ದೂರ) 2.4 ಮೀಟರ್, 28ಕ್ಕೆ ಸುಮಾರು 3.3 ಮೀಟರ್. ಡಿಜಿಟಲ್ ಫೈಲನ್ನು ಪರದೆ ಮೇಲೆ ಹಿಗ್ಗಿಸಿ ನೋಡುವ ನಮಗೆ ಅದು ಸಾಲದು. ಎರಡು ಸ್ಟಾಪ್ (ಅಪರ್ಚರ್‌ನ ಎರಡು ಮೆಟ್ಟಿಲು) ಬಿಗಿ ಮಾಡಿಕೊಳ್ಳಿ. ಅಂದರೆ ಅಪರ್ಚರ್ ಎಫ್/11 ಇಟ್ಟು, ಸ್ಕೇಲ್‌ನಲ್ಲಿ ಎಫ್/5.6ರ ಗುರುತುಗಳನ್ನು ಓದಿ. ಎಫ್/16ಕ್ಕಿಂತ ಮುಂದೆ ಹೋದರೆ ಡಿಫ್ರಾಕ್ಷನ್‌ನಿಂದ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡುವುದರಿಂದ) ಇಡೀ ಚಿತ್ರ ಮೃದುವಾಗುತ್ತದೆ. ಹಂತ 6 ಮಾಡದೆ ಸ್ಕೇಲ್ ಬಳಸುವುದರಲ್ಲಿ ಅರ್ಥವಿಲ್ಲ.

## ಹಂತ 9: ಎದುರು ಬೆಳಕು

ಫೋಟೋ ಬೆಳ್ಳಗೆ ತೊಳೆದಂತೆ ಬಂದರೆ ಹಳೆಯ ಕೋಟಿಂಗನ್ನು ಬೈಯುವ ಮುನ್ನ ಅಡಾಪ್ಟರ್ ಒಳಗೋಡೆ ನೋಡಿ. ಕಿಟಕಿಯತ್ತ ಹಿಡಿದು ಇಣುಕಿದಾಗ ಹೊಳೆಯುವ ಬಳೆಯಂತೆ ಕಂಡರೆ ಅಲ್ಲಿಂದಲೇ ಬೆಳಕು ಸೆನ್ಸರ್‌ಗೆ ಚೆಲ್ಲುತ್ತಿದೆ. ಹೊಳಪಿಲ್ಲದ ಕಪ್ಪು ವೆಲ್ವೆಟ್ ಸ್ಟಿಕ್ಕರ್ ಒಳಗೆ ಅಂಟಿಸಿ. ಎಳೆ ಉದುರದಂಥದ್ದೇ ಇರಲಿ.

ಹುಡ್ (ಲೆನ್ಸ್ ಮುಂದೆ ಹಾಕುವ ನೆರಳು ಪಟ್ಟಿ) ಆ ಲೆನ್ಸ್‌ನ ಅಗಲಕ್ಕೇ ಮಾಡಿದ್ದಾಗಿರಬೇಕು. 50ರ ಹುಡ್ 24ಕ್ಕೆ ಹಾಕಿದರೆ ಮೂಲೆಗಳು ಕಪ್ಪಾಗುತ್ತವೆ. ಒಂದರ ಮೇಲೊಂದು ಫಿಲ್ಟರ್ ಹಾಕಿದರೂ ಅಷ್ಟೇ. ಬರೀ ಅಂಗೈ ಅಡ್ಡ ಹಿಡಿದರೂ ಎಷ್ಟೋ ಸುಧಾರಿಸುತ್ತದೆ. ಕೈ ಫ್ರೇಮಿನೊಳಗೆ ಬಾರದಂತೆ ನೋಡಿಕೊಳ್ಳಿ. ಕೆಲಸ ಮುಗಿದ ಕೂಡಲೇ ಕ್ಯಾಪ್ ಹಾಕಿ. ಈ ಲೆನ್ಸ್‌ಗಳ ಅಪರ್ಚರ್ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಬಿಸಿಲಿಗೆ ಮುಖ ಮಾಡಿಟ್ಟರೆ ಕ್ಯಾಮೆರಾ ಆಫ್ ಇದ್ದರೂ ಒಳಗಿನ ಭಾಗಗಳಿಗೆ ಅಪಾಯ.

## ಹಂತ 10: ಕಂಪ್ಯೂಟರ್‌ನಲ್ಲಿ

ರಾ ಫೈಲ್‌ನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ. ಲೆನ್ಸ್ ಯಾವುದೆಂದು ಫೈಲ್‌ನಲ್ಲಿ ದಾಖಲಾಗಿರುವುದಿಲ್ಲ, ಆದ್ದರಿಂದ ಯಾವ ತಿದ್ದುಪಡಿಯೂ ತಾನಾಗಿ ಆಗುವುದಿಲ್ಲ. ಅಂಚಿನ ಕೆಂಪು-ಹಸಿರು ಬಣ್ಣದ ಗೆರೆಗಳನ್ನು ಮೊದಲು ತೆಗೆಯಿರಿ. ಎಷ್ಟೋ ಸಲ ಮಸುಕು ಎಂದುಕೊಂಡದ್ದು ಈ ಗೆರೆಗಳೇ ಆಗಿರುತ್ತವೆ. ಆಮೇಲೆ ಬಾಗಿದ ಗೆರೆಗಳನ್ನು, ಕೊನೆಗೆ ಮೂಲೆಯ ಕತ್ತಲನ್ನು ಸರಿಮಾಡಿ.

ಬದಿಗಳಿಗೆ ಬಣ್ಣ ಹತ್ತುವ ಲೆನ್ಸ್ ಆದರೆ ಫ್ಲಾಟ್-ಫೀಲ್ಡ್ ವಿಧಾನ ಇದೆ. ತೆಳು ಬಿಳಿ ಅಕ್ರಿಲಿಕ್ ಹಾಳೆಯನ್ನು ಲೆನ್ಸ್ ಮುಂದೆ ಒತ್ತಿ ಹಿಡಿದು, ಸಮನಾದ ಬೆಳಕಿನತ್ತ ತಿರುಗಿಸಿ, ಫೋಟೋ ತೆಗೆದ ಅಪರ್ಚರ್‌ನಲ್ಲೇ ಒಂದು ಫ್ರೇಮ್ ತೆಗೆಯಿರಿ. ಫೋಟೋ ತಿದ್ದುವ ತಂತ್ರಾಂಶಗಳಾದ ಲೈಟ್‌ರೂಮ್ ಕ್ಲಾಸಿಕ್ ಮತ್ತು ರಾಥೆರಪಿ ಎರಡರಲ್ಲೂ ಈ ಫ್ರೇಮ್ ಬಳಸಿ ಉಳಿದ ಫೋಟೋಗಳ ಬಣ್ಣ, ಕತ್ತಲು ಎರಡನ್ನೂ ಒಟ್ಟಿಗೆ ಸರಿಮಾಡಬಹುದು. ಅಪರ್ಚರ್ ಬದಲಾದರೆ ಬೇರೆ ಫ್ರೇಮ್ ಬೇಕು. ಯಾವ ಫೋಟೋ ಯಾವ ಅಪರ್ಚರ್‌ನಲ್ಲಿ ತೆಗೆದದ್ದು ಎಂದು ಫೈಲ್ ಹೇಳುವುದಿಲ್ಲ. ಹಾಗಾಗಿ ಅಪರ್ಚರ್ ಬದಲಿಸಿದಾಗಲೆಲ್ಲ ಆಗಲೇ ಆ ಬಿಳಿ ಫ್ರೇಮನ್ನೂ ತೆಗೆದುಬಿಡಿ.